ಹಂಚಿಕೊಂಡದ್ದೆಲ್ಲ ದಾಸೋಹವೇ?

ಹಲವರು ಕೂಡಿ ಒಂದೇ ಸಾಧನವನ್ನು ಹಂಚಿಕೊಂಡು ದುಡಿದರೆ ಅದು ಧರ್ಮವೆನಿಸುವುದೇ ಅಥವಾ ಬರಿಯ ಜಾಣತನವೇ? ಸದ್ಭಕ್ತರಾದ ವಾಚಕರು ಈ ಪ್ರಶ್ನೆಯನ್ನು ದೂರದೇಶದ ಒಂದು ದೃಷ್ಟಾಂತದ ಮೂಲಕ ವಿಚಾರಿಸಬೇಕೆಂದು ನಮ್ಮ ಬಿನ್ನಹ.

ಮೆಕ್ಸಿಕೋ ಕೊಲ್ಲಿಯಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಿಂದ ಆಗ್ನೇಯಕ್ಕೆ ಸುಮಾರು 225 ಕಿಲೋಮೀಟರು ದೂರದಲ್ಲಿ, 'ನಾ ಕಿಕಾ' ಎಂಬ ತೇಲುವ ಉತ್ಪಾದನಾ ಕೇಂದ್ರವಿದೆ. ಅಲ್ಲಿ ಕಡಲಿನ ಆಳ 1,900 ಮೀಟರಿಗೂ ಹೆಚ್ಚು. ಸುತ್ತಲಿನ ಕಡಲತಳದಲ್ಲಿ ಚದುರಿರುವ ಎಣ್ಣೆ ಹಾಗೂ ಅನಿಲದ ಕ್ಷೇತ್ರಗಳಲ್ಲಿ ಒಂದೂ ತನ್ನದೇ ಕೇಂದ್ರದ ವೆಚ್ಚವನ್ನು ಹೊರುವಷ್ಟು ದೊಡ್ಡದಾಗಿರಲಿಲ್ಲ. ಆದುದರಿಂದ ಪೇಟೆಯಲ್ಲಿ ಪ್ರತಿಸ್ಪರ್ಧಿಗಳಾದ ಶೆಲ್ ಮತ್ತು ಬಿ.ಪಿ. ಕಂಪನಿಗಳು ಸಮಪಾಲು ಬಂಡವಾಳ ಹೂಡಿ ಎಲ್ಲಕ್ಕೂ ಒಂದೇ ಕೇಂದ್ರವನ್ನು ಕಟ್ಟಿದವು. 2003ರಲ್ಲಿ ಉತ್ಪಾದನೆ ಆರಂಭವಾಯಿತು. ಮೊದಲಿಗೆ ಐದು ಕ್ಷೇತ್ರಗಳಿಗೆಂದು ಯೋಜಿಸಿದ ಆ ಕೇಂದ್ರಕ್ಕೆ ಮುಂದೆ ಬೇರೆ ಕ್ಷೇತ್ರಗಳೂ ಕೊಳವೆಗಳ ಮೂಲಕ ಬಂದು ಸೇರಿದವು. ಗಿಲ್ಬರ್ಟ್ ದ್ವೀಪವಾಸಿಗಳ ಪುರಾಣದಲ್ಲಿ ನಾ ಕಿಕಾ ಎಂದರೆ ಆಕ್ಟೋಪಸ್ ರೂಪದ ದೇವತೆ. ಹಲವು ತೋಳು, ಒಂದೇ ಒಡಲು, ಹೆಸರು ಅನ್ವರ್ಥಕವಾಗಿದೆ.

ಈ ಕೂಟದ ಬೆಲೆಯನ್ನರಿಯಲು ಅದೇ ದೇಶದ ಹಿಂದಿನ ಕಥೆಯನ್ನು ನೋಡಬೇಕು. ನೆಲದಡಿಯ ಎಣ್ಣೆ ಬೇಲಿಯನ್ನರಿಯದು; ಒಬ್ಬನ ಬಾವಿಯ ಕಡೆಗೆ ನೆರೆಯವನ ಎಣ್ಣೆಯೂ ಹರಿದು ಬರುತ್ತದೆ. ಪೆನ್ಸಿಲ್ವೇನಿಯದ ನ್ಯಾಯಾಲಯವೊಂದು 1889ರಲ್ಲಿ ಅದನ್ನು ಕಾಡುಮೃಗಕ್ಕೆ ಹೋಲಿಸಿತು. ಹಿಡಿದವನೇ ಒಡೆಯನೆಂಬುದು ನ್ಯಾಯವಾಯಿತು. ಇದರ ಫಲವೇನಾಯಿತು? 1930ರಲ್ಲಿ ಪೂರ್ವ ಟೆಕ್ಸಾಸಿನಲ್ಲಿ ಭಾರಿ ಎಣ್ಣೆಕ್ಷೇತ್ರ ದೊರೆತೊಡನೆ ಪ್ರತಿಯೊಬ್ಬನೂ ನೆರೆಯವನಿಗಿಂತ ಮೊದಲು ಸೆಳೆಯಲು ಬಾವಿ ಕೊರೆದನು. ಬೆಲೆ ಪಾತಾಳಕ್ಕಿಳಿಯಿತು. ಎಣ್ಣೆಯನ್ನು ಮೇಲಕ್ಕೆ ತಳ್ಳುವ ಭೂಗರ್ಭದ ಒತ್ತಡವೇ ನಾಶವಾಗುವ ಭಯ ಹುಟ್ಟಿತು. 1931ರ ಆಗಸ್ಟಿನಲ್ಲಿ ಗವರ್ನರ್ ರಾಸ್ ಸ್ಟರ್ಲಿಂಗ್ ಸೈನ್ಯವನ್ನು ಕಳುಹಿಸಿ ಬಾವಿಗಳನ್ನು ಮುಚ್ಚಿಸಬೇಕಾಯಿತು. ಲೋಭಕ್ಕೆ ಲೋಭವೇ ಶತ್ರುವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕೂಡಿ ಬಾಳುವುದು ಮೇಲೆಂಬುದು ಇದರಿಂದ ಸಿದ್ಧವಾಯಿತು. ಆದರೆ ಕೂಡಿದ ಮಾತ್ರಕ್ಕೆ ಅದು ದಾಸೋಹವಾಗದು. ಹಲವರ ಎಣ್ಣೆ ಒಂದೇ ಕೊಳವೆಯಲ್ಲಿ ಬೆರೆಯುವಲ್ಲಿ, ಬೆರೆಯುವ ಮುನ್ನವೇ ಪ್ರತಿಯೊಬ್ಬರ ಪಾಲನ್ನು ಅಳೆದು ಬರೆದಿಡುವರು. ಬೆರೆತ ಮೇಲೆ ಯಾರದೆಂದು ಬೇರ್ಪಡಿಸುವುದು ಕಷ್ಟ. ಈ ಲೆಕ್ಕದ ಪ್ರಾಮಾಣಿಕತೆ ಶ್ಲಾಘ್ಯವೇ ಸರಿ. ಶುದ್ಧ ಕಾಯಕಕ್ಕೂ ಅದು ಅಗತ್ಯ. ಆದರೂ ತರಲು ಏನಾದರೂ ಉಳ್ಳವನಿಗೆ ಮಾತ್ರ ಆ ಬಾಗಿಲು ತೆರೆದಿದೆ. ದಾಸೋಹದ ಬಾಗಿಲಾದರೋ ಬರಿಗೈಯವನಿಗೂ ತೆರೆದಿರುತ್ತದೆ.

ಇನ್ನು ಒಪ್ಪಂದದ ಹೊರಗುಳಿದವರ ಮಾತು. ಅದೇ ಕೊಲ್ಲಿಯ ಬೇರೊಂದು ಬಾವಿಯಲ್ಲಿ, 2010ರ ಏಪ್ರಿಲ್ 20ರಂದು, ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ನೌಕೆ ಸ್ಫೋಟಗೊಂಡು 11 ಮಂದಿ ಕಾರ್ಮಿಕರು ಮಡಿದರು. ತಿಂಗಳುಗಟ್ಟಲೆ ಎಣ್ಣೆ ಕಡಲಿಗೆ ಸುರಿಯಿತು. ಯಾವ ಕರಾರಿಗೂ ಸಹಿ ಹಾಕದ ಬೆಸ್ತರು ಬಲೆಯನ್ನು ಮಡಿಚಿಟ್ಟು ದಡದಲ್ಲಿ ಕುಳಿತರು. ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ಹಾನಿಯಲ್ಲಿ ಮಾತ್ರ ದೊರೆಯಿತು. ಮುಂದೆ ಹುಟ್ಟುವವರ ಸಹಿಯೂ ಯಾವ ಕರಾರಿನಲ್ಲಿಯೂ ಇಲ್ಲ. ಕೋಟ್ಯಂತರ ವರ್ಷಗಳಲ್ಲಿ ಕೂಡಿದ್ದನ್ನು ನಾವು ಕೆಲವೇ ತಲೆಮಾರುಗಳಲ್ಲಿ ಉರಿಸುತ್ತಿದ್ದೇವೆ.

ಇದು ಪರದೇಶದ ಮಾತೆಂದು ವಾಚಕರು ನಿಶ್ಚಿಂತರಾಗಲಾಗದು. ನಮ್ಮ ಹೊಲಗಳ ಕೆಳಗಿನ ನೀರೂ ಬದುವನ್ನರಿಯದು. ನೆರೆಯವನು 300 ಅಡಿ ಕೊರೆಸಿದರೆ ನಾವು 600 ಅಡಿ ಕೊರೆಸುತ್ತೇವೆ. ಕಡೆಗೆ ಇಬ್ಬರ ಕೊಳವೆಬಾವಿಯೂ ಬತ್ತುತ್ತದೆ. ಪೂರ್ವ ಟೆಕ್ಸಾಸಿನ ನ್ಯಾಯ ನಮ್ಮ ಊರಲ್ಲಿಯೂ ನಡೆದಿದೆಯಲ್ಲವೇ?

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳೆಂಬುದು ಶರಣಚರಿತ್ರೆಯಲ್ಲಿ ಪ್ರಸಿದ್ಧ. ಅಕ್ಕಿ ಕದ್ದದ್ದಲ್ಲ, ಕಸಿದದ್ದಲ್ಲ, ಹೆಚ್ಚಾಗಿತ್ತು, ಅಷ್ಟೇ. ಆ ತಾಯಿಗೆ ಅದೇ ಸಾಕಾಗಿತ್ತು.

ಹಂಚಿಕೆಯನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಲೆಕ್ಕ ನೇರವಾಗಿದೆಯೇ? ಕೂಟಕ್ಕೆ ಬರಲಾಗದವನ ಹಿತವನ್ನು ನೆನೆದಿದ್ದೇವೆಯೇ? ಸಾಕಾದಲ್ಲಿ ನಿಂತಿದ್ದೇವೆಯೇ? ಮೊದಲನೆಯದಕ್ಕೆ ವ್ಯಾಪಾರಿಯೂ ಹೌದೆನ್ನಬಲ್ಲ. ಉಳಿದೆರಡಕ್ಕೆ ಹೌದೆನ್ನುವವನು ದಾಸೋಹಿ. ಮುಂದಿನ ಬಾವಿಯನ್ನು ಕೊರೆಸುವ ಮುನ್ನ ವಾಚಕರು ಈ ಮೂರನ್ನೂ ತಮ್ಮ ಅಂತರಂಗಕ್ಕೆ ಕೇಳಿಕೊಳ್ಳಲಿ.