ಅರ್ಜಿಯಲ್ಲಿ ಇಲ್ಲದ ಮೂರನೇ ಚೌಕ

ಸಂಶೋಧನಾ ವಿದ್ಯಾರ್ಥಿಯಾದ ನಾನು ವರ್ಷವಿಡೀ ಅರ್ಜಿ ತುಂಬುತ್ತಿರುತ್ತೇನೆ: ಫೆಲೋಶಿಪ್, ಹಾಸ್ಟೆಲ್, ವೀಸಾ. ಎಲ್ಲದರಲ್ಲೂ ‘ವಿವಾಹಿತ/ಅವಿವಾಹಿತ’ ಎಂಬ ಎರಡು ಚೌಕಗಳಿರುತ್ತವೆ. ಕೆಳಗೆ, ‘ಮೇಲಿನ ವಿವರಗಳು ಸತ್ಯ’ ಎಂದು ಸಹಿ ಹಾಕಬೇಕು. ವಿದೇಶದಲ್ಲಿ ಮದುವೆಯಾಗಿ ಬಂದ ಸಲಿಂಗ ಜೋಡಿಗೆ ಇಲ್ಲಿ ಸತ್ಯ ಯಾವುದು?

ಡೆನ್ಮಾರ್ಕನ್ನೇ ನೋಡಿ. ಸಲಿಂಗ ಜೋಡಿಗಳ ಸಹಜೀವನವನ್ನು 1989ರಲ್ಲಿ ಜಗತ್ತಿನಲ್ಲೇ ಮೊದಲು ನೋಂದಾಯಿಸಿದ ಆ ದೇಶ, 2012ರಲ್ಲಿ ಅವರ ಮದುವೆಯನ್ನೂ ಮಾನ್ಯ ಮಾಡಿತು. ಅಲ್ಲಿ ಮದುವೆಯಾಗಲು ಅಲ್ಲಿಯ ನಿವಾಸಿಯಾಗಿರಬೇಕಿಲ್ಲ. 18 ವರ್ಷ ತುಂಬಿರಬೇಕು, ದೇಶದೊಳಗೆ ಕಾನೂನುಬದ್ಧವಾಗಿ ಬಂದಿರಬೇಕು, ಬೇರೆ ಮದುವೆ ಚಾಲ್ತಿಯಲ್ಲಿರಬಾರದು. ದಾಖಲೆ ಸರಿಯಿದ್ದರೆ 4 ತಿಂಗಳ ಅವಧಿಯ ಪ್ರಮಾಣಪತ್ರ ಸಿಗುತ್ತದೆ. ಅದನ್ನು ಹಿಡಿದು ಪುರಭವನಕ್ಕೆ ಹೋದರಾಯಿತು.

ನಮ್ಮ ಜೋಡಿಯೊಂದು ಹಾಗೆ ಮದುವೆಯಾಗಿ ಮರಳಿತೆನ್ನಿ. ನಮ್ಮ 1969ರ ವಿದೇಶಿ ವಿವಾಹ ಕಾಯ್ದೆಗೆ ಗೊತ್ತಿರುವುದು 21 ತುಂಬಿದ ವರ, 18 ತುಂಬಿದ ವಧು ಮಾತ್ರ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪದೆ, ಅದು ಸಂಸತ್ತಿಗೆ ಬಿಟ್ಟ ವಿಷಯ ಎಂದಿತು. ಹಾಗಾಗಿ ವಿಮಾನ ಇಳಿದೊಡನೆ ಇಬ್ಬರೂ ಅವಿವಾಹಿತರು.

‘ಅವಿವಾಹಿತ’ ಎಂದರೆ ಇಲ್ಲಿನ ಕಾನೂನಿನ ಪ್ರಕಾರ ಅಷ್ಟೇ, ಅದು ಸುಳ್ಳಲ್ಲ ಎಂದು ವಕೀಲರು ಹೇಳಬಹುದು. ಆದರೆ ಅರ್ಜಿ ಹಾಗೆ ಕೇಳುವುದಿಲ್ಲ. ಸಹಿ ಹಾಕುವ ಕೈಗೆ ತಾನು ಯಾರಿಗೆ ಮಾತು ಕೊಟ್ಟಿದ್ದೇನೆಂದು ಗೊತ್ತು. ಊರಿನಲ್ಲಿ ಹೆತ್ತವರು ಹೆಣ್ಣು ನೋಡಿ ಒತ್ತಾಯಿಸಿದರೆ, ಆ ಮಾತನ್ನು ಕಾಯಲು ಕಾನೂನು ಬರುವುದಿಲ್ಲ, ಉಳಿಯುವುದು ಆತ್ಮಸಾಕ್ಷಿಯೊಂದೇ.

ವಿದೇಶದಲ್ಲಿ ಆದದ್ದನ್ನೆಲ್ಲ ಒಪ್ಪಬೇಕಾದರೆ ಬಾಲ್ಯವಿವಾಹವನ್ನೂ ಒಪ್ಪಬೇಕೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ನಡೆದದ್ದನ್ನು ದಾಖಲಿಸುವುದು ಬೇರೆ, ಅದನ್ನು ಮೆಚ್ಚುವುದು ಬೇರೆ. ರೊಮೇನಿಯಾದ ಏಡ್ರಿಯನ್ ಕೋಮನ್ 2010ರಲ್ಲಿ ಬ್ರಸೆಲ್ಸ್‌ನಲ್ಲಿ ಅಮೆರಿಕದ ಗೆಳೆಯನನ್ನು ಮದುವೆಯಾದರು. ಆ ಗೆಳೆಯನನ್ನು ಸಂಗಾತಿಯೆಂದು ಪರಿಗಣಿಸಲು ರೊಮೇನಿಯಾ ಒಪ್ಪಲಿಲ್ಲ. 2018ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿದ್ದಿಷ್ಟು: ಸಲಿಂಗ ವಿವಾಹದ ಕಾನೂನು ತರಬೇಕೆಂದು ನಿಮಗೆ ಕಡ್ಡಾಯವಿಲ್ಲ, ಆದರೆ ವಾಸದ ಹಕ್ಕಿನ ಮಟ್ಟಿಗೆ ಈತ ಸಂಗಾತಿಯೇ.

ನಮ್ಮ ಸಂಸತ್ತು ಸಮಯ ತೆಗೆದುಕೊಳ್ಳಲಿ. ಅಲ್ಲಿಯವರೆಗೆ ಅರ್ಜಿಯಲ್ಲಿ ‘ಬೇರೆ ದೇಶದಲ್ಲಿ ವಿವಾಹಿತ’ ಎಂಬ ಮೂರನೇ ಚೌಕವಿರಲಿ. ಅದರಿಂದ ಪಿಂಚಣಿ, ಆಸ್ತಿಯ ಹಕ್ಕು ಬರದಿರಬಹುದು. ಪ್ರಜೆಯಿಂದ ನಿಜ ಕೇಳುವ ಸರ್ಕಾರ, ನಿಜ ಬರೆಯಲು ಜಾಗವನ್ನಾದರೂ ಕೊಡಬೇಕಲ್ಲವೇ?