ಕಾಳಜಿ ಇಳಿದರೆ ಮಾಯೆ ಇಳೀತದೇನು?

ನಮ್ಮ ಗಡಿ ಭಾಗದ ಮಾತಿನೊಳಗ ಕಾಳಜಿ ಎಂಬ ಶಬ್ದಕ್ಕೆ ಎರಡು ಅರ್ಥ ಅವ. ಮಗ ಪರಊರಿಗೆ ಹೊಂಟರೆ "ಕಾಳಜಿ ತೊಗೋಪಾ" ಅಂತೀವಿ, ಅಂದರೆ ಜೋಪಾನ. ಅವ ತಿರುಗಿ "ಕಾಳಜಿ ಮಾಡಬ್ಯಾಡ್ರಿ" ಅಂತಾನ, ಅಂದರೆ ಚಿಂತಿ ಬಿಡ್ರಿ. ಮರಾಠಿಯೊಳಗೂ ಇದೇ ಶಬ್ದ, ಇವೇ ಎರಡು ಅರ್ಥ. ಏಳನೇತ್ತೆ ಕಲಿತ ನನಗ ವ್ಯಾಕರಣ ಹೆಚ್ಚಿಗೆ ತಿಳಿಯಾಂಗಿಲ್ಲ. ಆದರೆ ಪದ ಹಾಡೋ ಮನುಷ್ಯಾಗ ಒಂದು ಶಬ್ದದ ಹೊಟ್ಟ್ಯಾಗ ಎರಡು ಅರ್ಥ ಕಂಡರೆ ಅಲ್ಲೇ ನಿಂತು ನೋಡೋ ಚಾಳಿ ಇರತದ. ಈ ಶಬ್ದ ನಮ್ಮ ಮನಿಯೊಳಗ ಬಹಳ ದಿನ ವಾದ ನಡೆಸಿತು. ಅದಕ್ಕೇ ಬರೆಯಾಕತ್ತೀನಿ.

ನಮ್ಮ ಮನಿಯಾಕಿಗೆ ಚಿಂತಿ ರೋಗ. ರೋಗ ಅಂತ ಯಾಕ ಅಂದೆನಂದ್ರ, ಚಿಂತಿ ಎಲ್ಲಾರಿಗೂ ಅದ. ಮೃಗಶಿರ ಮಳಿ ತಡ ಆದರೆ ಚಿಂತಿ ಮಾಡದ ಒಕ್ಕಲಿಗ ಒಕ್ಕಲಿಗನೇ ಅಲ್ಲ. ಇಕಿದು ಹಂಗಲ್ಲ. ಹಾಲು ಕಾಯಾಕಿಟ್ಟರೆ ಉಕ್ಕೀತೆಂಬ ಚಿಂತಿ, ಉಮರ್ಗಾದಿಂದ ಬಸ್ಸು ಹತ್ತು ಮಿನಿಟ ತಡ ಆದರೆ ಮಗ ಹೋದನೆಂಬ ಚಿಂತಿ, ಮಗ ಬಂದು ಉಣ್ಣಾಕ ಕುಂತರೆ ನಾಳಿನ ಬಸ್ಸಿನ ಚಿಂತಿ. ಒಂದು ಮುಗಿದರೆ ಇನ್ನೊಂದು ಬಂದು ಅದೇ ಜಾಗಾದಾಗ ಕೂಡತದ. ಮೈ ಬಿಗಿ, ನಿದ್ದಿ ಇಲ್ಲ, ಎದಿ ಹಾರೋದು. ಇಂಥಾ ಹಿಡಿತಕ್ಕ ಸಿಗದ ಚಿಂತಿ ಆರು ತಿಂಗಳ ಮ್ಯಾಲೆ, ಹೆಚ್ಚು ಕಡಿಮಿ ದಿನಾಲೂ ಇದ್ದರೆ ಡಾಕ್ಟರು ಅದಕ್ಕ ಒಂದು ಬ್ಯಾನಿಯ ಹೆಸರು ಕೊಡತಾರ. ಇಕಿಗೆ ಆರು ತಿಂಗಳಲ್ಲ, ವರ್ಷಗಟ್ಟಲೆ ಇತ್ತು.

ನಮ್ಮ ಊರಾಗ ಇದನ್ನ ಬ್ಯಾನಿ ಅನ್ನಾಕ ಜನ ಒಪ್ಪಲಿಲ್ಲ. ಅದಕ್ಕ ಕಾರಣನೂ ಅದ. 1993ರ ಸಪ್ಟೆಂಬರ್ 30, ನಸುಕಿನ 3 ಗಂಟೆ 56 ಮಿನಿಟ. ಹಿಂದಿನ ದಿನ ಗಣಪತಿ ಕಳಿಸಿ ದಣಿದು ಮಲಗಿದ್ದೆವು. ಕಲ್ಲು ಮಣ್ಣಿನ ದಪ್ಪ ಗ್ವಾಡಿ, ಮ್ಯಾಲೆ ಮಣ್ಣಿನ ಭಾರದ ಮಾಳಿಗಿ. ಬಿಸಿಲಿಗೆ ತಂಪು ಕೊಡತಿದ್ದ ಅದೇ ಮನಿ ನಮ್ಮವರನ್ನ ಹುಗಿದು ಹಾಕಿತು. ಕಿಲ್ಲಾರಿ, ಸಾಸ್ತೂರ, ಹೋಳಿ ಎಲ್ಲ ಸೇರಿ ಸುಮಾರು 8 ಸಾವಿರ ಜನ ಸತ್ತರಂತ ಸರ್ಕಾರದ ಲೆಕ್ಕ. 52 ಊರು ಎತ್ತಿ ಬ್ಯಾರೆ ಕಡಿ ಕಟ್ಟಿದರು. ಅಂಥಾ ಊರಾಗ ಒಬ್ಬ ಹೆಣಮಗಳು ರಾತ್ರಿ ಎದ್ದು ಕುಂತರೆ "ಆಕಿ ಒಬ್ಬಾಕೀದೇನು, ಎಲ್ಲಾರ ಎದಿನೂ ಹಾರತದ, ಧೈರ್ಯ ತೊಗೋಬೇಕು" ಅಂತಿದ್ದರು.

ಈ ಧೈರ್ಯ ತೊಗೋ ಎಂಬ ಮಾತಿನ ಮ್ಯಾಲೆ ನನಗ ಸಿಟ್ಟದ. ಧೈರ್ಯ ಏನು ಸಂತಿಯಾಗ ಸಿಗತದೇನು, ಹೋಗಿ ತೊಗೊಂಡು ಬರಾಕ? ಹೇಳಿದವನಿಗೆ ಹೇಳಿದ ಸಮಾಧಾನ, ಕೇಳಿದಾಕಿಗೆ ಇರೋ ಬ್ಯಾನಿಯ ಮ್ಯಾಲೆ ನಾಚಿಕಿ ಬ್ಯಾರೆ. ಕಾಲು ಮುರಿದವನಿಗೆ ಓಡು ಅಂತ ಯಾರೂ ಅನ್ನಾಂಗಿಲ್ಲ.

ಕಡೀಕ ಡಾಕ್ಟರ ಹತ್ತಿರ ಹೋದೆವು. ಅವರು ಎಸ್ಸಿಟಾಲೋಪ್ರಾಮ್ ಎಂಬ ಗುಳಿಗಿ ಬರೆದರು. ಇಕಿ ಚೀಟಿ ಹಿಡಕೊಂಡು ನನಗ ಕೇಳಿದ್ದು ಒಂದೇ ಪ್ರಶ್ನಿ: "ಇದನ್ನ ನುಂಗಿ ನನ್ನ ಕಾಳಜಿ ಹೋದರೆ, ಮಕ್ಕಳ ಕಾಳಜಿ ಯಾರು ಮಾಡತಾರ?"

ನಾನು ನಕ್ಕು ಬಿಡಬಹುದಿತ್ತು. ಆದರೆ ಇದು ನಗೋ ಪ್ರಶ್ನಿ ಅಲ್ಲ. ಆಕಿ ಲೆಕ್ಕದಾಗ ಚಿಂತಿ ಮಾಡೋದೇ ಮನಿ ಕಾಯೋದು. ತಾನು ಎಚ್ಚರ ಇದ್ದದ್ದಕ್ಕೇ ಮಾಳಿಗಿ ನಿಂತದ. ತಾನು ನೆಮ್ಮದಿಯಿಂದ ಮಲಗಿದರೆ ಅದು ಮಕ್ಕಳಿಗೆ ಮಾಡಿದ ಮೋಸ. ತಾಯಂದಿರೊಳಗ ಈ ವಿಚಾರ ಎಷ್ಟು ಮಂದಿಗೆ ಅದ ನೋಡ್ರಿ. ಶಾಲಿ ಗುರುಗಳೊಳಗೂ ಅದ.

ಅದಕ್ಕ ನನಗ ಹೊಳೆದ ಉತ್ತರ ಹೊಲದ್ದು. ಜ್ವಾಳ ಹಾಲುದೆನಿ ಆದಾಗ ಅಟ್ಟದ ಮ್ಯಾಲೆ ನಿಂತು ಕವಣಿ ಬೀಸಿ ಹಕ್ಕಿ ಕಾಯ್ತೀವಿ. ಹಕ್ಕಿ ಬಂದಾಗ ಬೀಸಿದರೆ ಅದು ಕಾಯೋದು. ಹಕ್ಕಿ ಇಲ್ಲದ ನಡುರಾತ್ರಿನೂ ಬೀಸಿಕೋತ ನಿಂತರೆ ಕಲ್ಲು ತೆನಿಗೇ ಬೀಳತದ, ಬೆಳಿಗ್ಗೆ ಖರೇ ಹಕ್ಕಿ ಬಂದಾಗ ರಟ್ಟಿ ಏಳಾಂಗಿಲ್ಲ. ಇಕಿದೂ ಹಂಗೇ ಆಗಿತ್ತು. ಮೊಮ್ಮಗನಿಗೆ ಜ್ವರ ಬಂದ ದಿನ ಕೈ ನಡುಗಿ ಔಷಧ ಚಮಚಾಕ್ಕ ಹಾಕಾಕ ಆಗಲಿಲ್ಲ. ಚಿಂತಿ ಇತ್ತು, ಜೋಪಾನ ಆಗಲಿಲ್ಲ. ಅಂದರೆ ಆ ಒಂದು ಶಬ್ದದೊಳಗಿನ ಎರಡು ಅರ್ಥ ಒಂದಕ್ಕೊಂದು ತಿನ್ನಾಕತ್ತಿದ್ದವು.

ಗುಳಿಗಿ ಶುರು ಮಾಡಿದ ಮೊದಲ ವಾರ ಹೊಟ್ಟಿ ತೊಳಸಿತು, ಚಡಪಡಿಕಿ ಸ್ವಲ್ಪ ಹೆಚ್ಚೇ ಆಯಿತು. ಈ ಜಾತಿಯ ಔಷಧ ಅಂಗಳಕ್ಕ ನೀರು ಹೊಡೆದಂಗ ಅಲ್ಲ, ಬಿತ್ತಿದ ಬೀಜ ಇದ್ದಂಗ. ಎರಡರಿಂದ ಆರು ವಾರ ಬೇಕು. ಛಲೋ ಆತು ಅಂತ ಒಮ್ಮಿಗೇ ಬಿಡಬಾರದು, ಡಾಕ್ಟರು ಹೇಳಿದಂಗ ತಿಂಗಳುಗಟ್ಟಲೆ ತೊಗೊಂಡು ಮೆಲ್ಲಗ ಇಳಿಸಬೇಕು. ಇನ್ನೊಂದು ಜಾತಿ ಅದ, ಅಲ್ಪ್ರಾಜೋಲಾಮ್‌ನಂಥದ್ದು. ಅರ್ಧ ತಾಸಿನಾಗ, ಒಂದು ತಾಸಿನಾಗ ತಂಪು ಮಾಡತದ. ಅದಕ್ಕೇ ಅದರ ರುಚಿ ಹತ್ತತದ, ಚಟ ಆಗತದ. ಚೀಟಿ ಇಲ್ಲದೆ ಅಂಗಡಿಯಿಂದ ತಂದು ನುಂಗೋರನ್ನ ನಾನು ಕಂಡೀನಿ. ಸೆರಿ ಕುಡಿದು ಅಂಜಿಕಿ ಕಳಕೊಳ್ಳೋದಕ್ಕೂ ಅದಕ್ಕೂ ಬಹಳ ದೂರ ಇಲ್ಲ.

ಮಾತಿನ ಚಿಕಿತ್ಸೆನೂ ಗುಳಿಗಿಯಷ್ಟೇ ಗಟ್ಟಿ ಎಂದು ಈಗಿನ ವೈದ್ಯಕೀಯ ಒಪ್ಪತದ. ಸಮುಪದೇಶ ಮಾಡೋ ಬಾಯಿ ಇಕಿಗೆ ಅಂಜಿಕಿ ಸುಳ್ಳು ಅನ್ನಲಿಲ್ಲ. ಭೂಮಿ ನಡುಗಿದ್ದು ಕಂಡಾಕಿಗೆ ಸುಳ್ಳು ಅಂತ ಹ್ಯಾಂಗ ಅಂದಾರು? ಚಿಂತಿ ಬಂದಾಗೊಮ್ಮೆ ಬರೆದಿಡು ಅಂದರು. ಇಕಿಗೆ ಓದು ಬರಹ ಇಲ್ಲ. ಅದಕ್ಕ ಒಂದು ಚಿಂತಿಗೆ ಒಂದು ಹುಣಸಿ ಬೀಜ ಡಬ್ಬಿಗೆ ಹಾಕು, ವಾರಕ್ಕೊಮ್ಮೆ ಕುಂತು ಯಾವುದು ಖರೇ ಆತು ನೋಡು ಅಂದರು. ಮೊದಲ ವಾರ 61 ಬೀಜ ಬಿದ್ದವು. ಖರೇ ಆದದ್ದು ಎರಡು: ಹಾಲು ಉಕ್ಕಿತ್ತು, ಕರೆಂಟ್ ಹೋಗಿತ್ತು.

ನನ್ನ ಹಾಡಿನ ವಿಷಯನೂ ಹೇಳಬೇಕು, ಯಾಕಂದ್ರ ಮಂದಿ "ನಿನ್ನ ಮನ್ಯಾಗೇ ಭಜನಿ ಅದ, ಔಷಧ ಯಾಕ" ಅಂತಾರ. ತತ್ವಪದ ಎಳದು ಹಾಡುವಾಗ ಉಸಿರು ಉದ್ದ ಆಗಿ ಹೊರಗ ಹೋಗತದ, ಎದಿ ಬಡಿತ ಇಳೀತದ. ಅದು ನನ್ನ ಮೈಯಾಗೇ ಕಂಡದ್ದು. ದಿನಾ ನಡೆಯೋದು, ಚಾ ಕಮ್ಮಿ ಮಾಡೋದು ಇವೂ ಉಪಕಾರ ಮಾಡತಾವ. ಆದರೆ ಏಕತಾರಿ ಹಿಡಿದ ಕೈಯಿಂದಲೇ ಬರೆಯಾಕತ್ತೀನಿ, ಹಾಡು ರಾತ್ರಿಗೆ ಸಂಗಾತಿ, ಬ್ಯಾನಿಗೆ ಡಾಕ್ಟರ್ ಅಲ್ಲ. ಹಾಡಿನ ಮ್ಯಾಲೆ ಅಷ್ಟು ಭಾರ ಹೇರೋದು ಹಾಡಿಗೂ ಅನ್ಯಾಯ.

ಇನ್ನೊಂದು ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸಾಲದ ಚಿಂತಿ ಇದ್ದವನಿಗೆ ಗುಳಿಗಿ ಕೊಟ್ಟು ಏನು ಮಾಡೋದು? 2016ರಾಗ ಮೀರಜದಿಂದ ಲಾತೂರಕ್ಕ ರೈಲಿನಾಗ ನೀರು ತಂದರು. ಅಂಥಾ ಬರದಾಗ ಅಂಜಿದವನದು ತಲಿಯ ದೋಷ ಅಂದರೆ ಅದು ಪಾಪ. ಗುಳಿಗಿ ಸಾಲ ತೀರಿಸಾಂಗಿಲ್ಲ, ಬ್ಯಾಳಿಗೆ ದರ ತರಾಂಗಿಲ್ಲ. ಆದರೆ ಮೂರು ರಾತ್ರಿ ನಿದ್ದಿ ಇಲ್ಲದವ ಬ್ಯಾಂಕಿನ ಬಾಗಿಲಿಗೂ ಹೋಗಲಾರ, ಸರ್ಕಾರದ ಜೋಡಿ ಜಗಳಕ್ಕೂ ನಿಲ್ಲಲಾರ. ಎರಡೂ ಬೇಕು. ಒಂದು ಕೊಟ್ಟು ಇನ್ನೊಂದು ಮರೆಸಬಾರದು.

ನಮ್ಮಾಕಿಯ ಪ್ರಶ್ನಿಯೊಳಗ ಒಂದು ಪಾಲು ಖರೇನೇ ಇತ್ತು. ಈ ಗುಳಿಗಿಯಿಂದ ಕೆಲವರಿಗೆ ಮನಸ್ಸು ಮರಗಟ್ಟಿದಂಗ ಆಗತದ, ನಗಿ ಅಳು ಎರಡೂ ದೂರ ಹೋಗತಾವ. ಹಂಗಾದರೆ ಡಾಕ್ಟರಿಗೆ ಹೇಳಬೇಕು, ಪ್ರಮಾಣ ಇಲ್ಲಾ ಔಷಧ ಬದಲಿ ಮಾಡತಾರ. ಇಕಿಗೆ ಹಂಗಾಗಲಿಲ್ಲ. ಹ್ವಾದ ವರ್ಷ ಮೊಮ್ಮಗ ಬಿದ್ದು ಹಣಿ ಒಡಕೊಂಡಾಗ ನಾನು ಕೈಕಾಲು ಬಿಟ್ಟು ನಿಂತಿದ್ದೆ. ಅರಿವಿ ಸುತ್ತಿ ರಕ್ತ ನಿಲ್ಲಿಸಿ ಗಾಡಿ ಕರೆಸಿದಾಕಿ ಇಕಿ. ಅತ್ತದ್ದು ಹೊಲಿಗಿ ಹಾಕಿಸಿ ಮನಿಗೆ ಬಂದ ಮ್ಯಾಲೆ.

ದೂರ ಹೋಗಲಾರದವರು 14416ಕ್ಕ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಿಂದ ಸರ್ಕಾರ ನಡೆಸೋ ಟೆಲಿ ಮಾನಸ್ ಅದು, ರೊಕ್ಕ ಬೀಳಾಂಗಿಲ್ಲ, ಕನ್ನಡದಾಗೂ ಮಾತಾಡತಾರ, ಮರಾಠಿಯೊಳಗೂ. ನಂಬರ ವಾಚನಾಲಯದ ಬಾಗಿಲಿನ ಮ್ಯಾಲೆ ಸುಣ್ಣದಾಗ ಬರೆಸಾಕ ಗುರುಗಳಿಗೆ ಹೇಳೀನಿ.