ಕರ್ಮಫಲವೆಂಬ ಮಾತಿಗೆ ಒಂದು ತೋಟ

ಕಾಯಿಲೆ ಪೂರ್ವಜನ್ಮದ ಕರ್ಮ ಎನ್ನುವ ಮಾತನ್ನು, ಸಂಧಿವಾತದಿಂದ ಬೆರಳು ಸೊಟ್ಟಗಾದ ನಾನು ಸಾಕಷ್ಟು ಕೇಳಿದ್ದೇನೆ. ಅದಕ್ಕೇ ಡೆರೆಕ್ ಜಾರ್ಮನ್‌ನ ದಿನಚರಿ ‘ಮಾಡರ್ನ್ ನೇಚರ್’ ನನಗೆ ಹತ್ತಿರ. ಏಡ್ಸನ್ನು ದೇವರ ಶಿಕ್ಷೆಯೆಂದು ಜನ ಬೈಯುತ್ತಿದ್ದ ಕಾಲ. 1986ರಲ್ಲಿ ಎಚ್‌ಐವಿ ಇದೆಯೆಂದು ತಿಳಿದ ಈ ಸಲಿಂಗಪ್ರೇಮಿ ಚಿತ್ರನಿರ್ದೇಶಕ ಅದನ್ನು ಜಗತ್ತಿಗೇ ಹೇಳಿದ. ಇಂಗ್ಲೆಂಡಿನ ಡಂಜನೆಸ್ ಕಡಲತೀರದಲ್ಲಿ, ಅಣುಸ್ಥಾವರದ ಸಮೀಪ, ಉರುಟುಗಲ್ಲುಗಳ ನಡುವೆ ಗುಂಡಿ ತೋಡಿ, ಗೊಬ್ಬರ ತುಂಬಿ ಲ್ಯಾವೆಂಡರ್, ಗಸಗಸೆ ಬೆಳೆಸಿದ, ಬೇಲಿ ಹಾಕಲಿಲ್ಲ.

ನಾಳೆಯೇ ಖಾತ್ರಿಯಿಲ್ಲದವನು ನೆಡುವುದೇಕೆ? ನಿಷ್ಕಾಮಕರ್ಮ ಎನ್ನಬಹುದಿತ್ತು; ಆದರೆ ಅವನಿಗೆ ಹೂವಿನಾಸೆ ತುಂಬಾ ಇತ್ತು. ನನಗೆ ಆ ಆಸೆಯೇ ಹೆಚ್ಚು ಪವಿತ್ರ. 1994ರಲ್ಲಿ, 52ನೇ ವಯಸ್ಸಿನಲ್ಲಿ ತೀರಿಕೊಂಡ. ಅಲ್ಲಿನ ಅವನ ಮನೆ, ತೋಟ 2020ರಲ್ಲಿ ಸಾರ್ವಜನಿಕರ ದೇಣಿಗೆಯಿಂದ ಉಳಿದುಕೊಂಡವು.